ಸಾವಿರದ ಮುನ್ನೂರ ಮೂವತ್ತೊಂದರಲ್ಲೊಂದು

ಮನುಷ್ಯನ ಬಾಯಲ್ಲಿ ಮೂವತ್ತೆರಡು ಹಲ್ಲುಗಳೆಂದು ಲೆಕ್ಕ. ಆದರೆ ನಮ್ಮ ಬೀದಿಯ ಹಿರಿಯರನ್ನು ಸಾಲಾಗಿ ಕುಳ್ಳಿರಿಸಿ ಎಣಿಸಿದರೆ ಈ ಲೆಕ್ಕ ತುಂಬುವವರು ಇಬ್ಬರೋ ಮೂವರೋ ಸಿಕ್ಕಾರು. ಉಳಿದವರೆಲ್ಲ ನಾಲ್ಕಾರು ಹಲ್ಲು ಕಳೆದುಕೊಂಡ ಮೇಲೆಯೇ ಮೊಮ್ಮಕ್ಕಳ ಮದುವೆ ಮಾಡಿದ್ದಾರೆ, ಗದ್ದೆಯ ಬದುವಿಗಾಗಿ ಜಗಳವಾಡಿ ಗೆದ್ದಿದ್ದಾರೆ. ನಮ್ಮ ಸೀಮೆಯ ಮುದ್ದೆಗಂತೂ ಹಲ್ಲಿನ ಹಂಗೇ ಇಲ್ಲ. ಒಂದು ಹಲ್ಲು ಬಿದ್ದಿತೆಂದು ಮನುಷ್ಯನನ್ನು ಗುಜರಿಗೆ ಹಾಕುವ ಪದ್ಧತಿ ಯಾವ ನಾಡಿನಲ್ಲಿಯೂ ಇದ್ದಂತಿಲ್ಲ. ಯಂತ್ರದ ವಿಷಯ ಬಂದಾಗ ಮಾತ್ರ ನಾವು ಬಹು ಕಠಿಣರಾದ ನ್ಯಾಯಾಧೀಶರಾಗಿಬಿಡುತ್ತೇವೆ. ಒಂದು ಕಡ್ಡಿ ಮುರಿಯಿತೇ? ಮುಗಿಯಿತು, ಎಸೆಯಿರಿ, ಹೊಸದನ್ನು ತನ್ನಿ!

ಈ ವಿಚಾರ ನನ್ನ ತಲೆಗೆ ಬಂದದ್ದು ಕಂಪ್ಯೂಟರಿನ ಪ್ರೊಸೆಸರ್ ಎಂಬ ವಸ್ತುವಿನ ದೆಸೆಯಿಂದ. ನಾನಾದರೋ ಕನ್ನಡದಲ್ಲಿ ಎಂ.ಎ. ಮಾಡಿ ಚನ್ನಪಟ್ಟಣದ ಕಾಲೇಜೊಂದರಲ್ಲಿ ಪಾಠ ಹೇಳುವವನು. ಸಂಧಿ ಬಿಡಿಸೆಂದರೆ ಬಿಡಿಸಿಯೇನು, ಸಮಾಸವನ್ನು ವಿಗ್ರಹಿಸಿಯೇನು. ಕಂಪ್ಯೂಟರನ್ನು ಬಿಚ್ಚುವುದು ನನ್ನ ವಿದ್ಯೆಯಲ್ಲ. ಆದರೆ ರಾಮನಗರದಲ್ಲಿ ನನ್ನ ಅಕ್ಕನ ಮನೆಯಿದೆ. ಅಲ್ಲಿ ಡಿಪ್ಲೊಮಾದ ಕೊನೆಯ ವರ್ಷದಲ್ಲಿರುವ ಒಬ್ಬ ಸೋದರಳಿಯನಿದ್ದಾನೆ. ಅವನಿಗೆ ಕಷ್ಟ ಬಂದಾಗಲೆಲ್ಲ ಮೊದಲು ನೆನಪಾಗುವವನು ದೇವರಲ್ಲ, ನಾನು.

ಭಾವ ರೇಷ್ಮೆ ನೂಲು ಬಿಚ್ಚಾಣಿಕೆಯ ಕಸುಬಿನವರು. ಬೆಳಿಗ್ಗೆ ಗೂಡಿನ ಮಾರುಕಟ್ಟೆಗೆ ಹೋಗಿ ಗೂಡು ಕೊಂಡು ತಂದು, ಬಿಸಿನೀರಿನ ಬಟ್ಟಲಿಗೆ ಹಾಕಿ, ಎಳೆ ಹಿಡಿದು ರಾಟೆಗೆ ಸುತ್ತುವ ಕೆಲಸ. ಮಗ ಓದಲಿ ಎಂಬ ಆಸೆ ಅವರಿಗೂ ಉಂಟು. ಆದರೆ ಮಗನ ಓದಿಗೆ ಬೇಕಾದ ವಸ್ತುಗಳ ಬೆಲೆಯನ್ನು ಕೇಳಿದಾಗ ಆ ಆಸೆ ಸ್ವಲ್ಪ ತೂಕ ಕಳೆದುಕೊಳ್ಳುತ್ತಿತ್ತು. ಯಂತ್ರಗಳ ನಕ್ಷೆ ಬಿಡಿಸುವುದಕ್ಕೆ ಒಂದು ಕಂಪ್ಯೂಟರು ಬೇಕೆಂದು ಹುಡುಗ ಒಂದು ವರ್ಷ ಕೇಳಿದ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹಳೆಯದೊಂದು ಸಿಕ್ಕಿತು. ಬಟ್ಟಲು ಮನೆಯ ಮಾಡಿಗೆ ಹೊಸ ತಗಡು ಹೊದಿಸಲು ಇಟ್ಟಿದ್ದ ಹಣ ಅದಕ್ಕೆ ಹೋಯಿತು. ಹಣ ಎಣಿಸಿಕೊಡುವಾಗ ಭಾವ ಒಂದೇ ಮಾತು ಹೇಳಿದ್ದರು: "ಇದು ಕೆಟ್ಟರೆ ಇನ್ನೊಂದಿಲ್ಲ. ಆಮೇಲೆ ಬಂದು ಬಟ್ಟಲ ಮುಂದೆ ಕೂತ್ಕೋ."

ಮಾರ್ಚ್ ತಿಂಗಳ ಬಿಸಿಲಿನಲ್ಲಿ ಆ ಯಂತ್ರ ಕಾದು ಕಾದು ತಾನಾಗಿಯೇ ಆರಿಹೋಗತೊಡಗಿತು. ಒಳಗಿನ ಫ್ಯಾನಿಗೆ ಧೂಳು ಕಟ್ಟಿದೆಯೆಂದು ಹುಡುಗ ಬಿಚ್ಚಿದ. ಇಲ್ಲಿ ಕೊಂಚ ವಿವರಿಸಬೇಕು. ಪ್ರೊಸೆಸರಿನ ಬೆನ್ನಿಗೆ ಶಾಖ ಹೀರುವ ಲೋಹದ ಗಟ್ಟಿಯೊಂದನ್ನು ಅಂಟಿಸಿರುತ್ತಾರೆ. ನಡುವೆ ಬೂದು ಬಣ್ಣದ ಲೇಪ. ವರ್ಷಗಳು ಕಳೆದಂತೆ ಈ ಲೇಪ ಒಣಗಿ ಗೋಂದಿನಂತೆ ಬಿಗಿಯಾಗುತ್ತದೆ. ನಮ್ಮ ಹುಡುಗನ ಯಂತ್ರದಲ್ಲಿದ್ದದ್ದು ಎ.ಎಂ.ಡಿ. ಕಂಪನಿಯ ಎ.ಎಂ.೪ ಎಂಬ ಜಾತಿಯ ಪ್ರೊಸೆಸರು. ಈ ಜಾತಿಯಲ್ಲಿ ಪಿನ್ನುಗಳನ್ನು ಪಕ್ಕದಿಂದ ಅದುಮಿ ಹಿಡಿಯುವ ಒಂದು ಸನ್ನೆ ಉಂಟೇ ಹೊರತು ಮೇಲಿನಿಂದ ಒತ್ತಿ ಹಿಡಿಯುವ ಚೌಕಟ್ಟು ಇಲ್ಲ. ಆದ್ದರಿಂದ ಲೋಹದ ಗಟ್ಟಿಯನ್ನು ನೇರವಾಗಿ ಮೇಲಕ್ಕೆ ಎಳೆದರೆ ಪ್ರೊಸೆಸರೂ ಬೇರುಸಹಿತ ಕಿತ್ತು ಬರುತ್ತದೆ. ತಿಳಿದವರು ಯಂತ್ರವನ್ನು ಹತ್ತು ನಿಮಿಷ ಓಡಿಸಿ, ಲೇಪ ಬೆಚ್ಚಗಾಗಿ ಸಡಿಲವಾದ ಮೇಲೆ ಆರಿಸಿ, ಗಟ್ಟಿಯನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಚಿ, ಅನಂತರ ಎತ್ತುತ್ತಾರೆ. ಹುಡುಗ ತಣ್ಣಗಿದ್ದ ಯಂತ್ರದಿಂದ ನೇರವಾಗಿ ಎತ್ತಿದ. ಪ್ರೊಸೆಸರು ಬಂತು, ಬಿಡಿಸಲು ಹೋದಾಗ ಕೈ ಜಾರಿ ಕಡಪ ಕಲ್ಲಿನ ನೆಲದ ಮೇಲೆ ಬಿತ್ತು. ಆರು ಪಿನ್ನು ಬಾಗಿದವು. ಒಂದು ಮುರಿದೇಹೋಯಿತು.

ಆ ರಾತ್ರಿ ಹುಡುಗ ಫೋನಿನಲ್ಲಿ ಮಾತನಾಡಿದ ಧ್ವನಿ ನನಗೆ ಸೇರಲಿಲ್ಲ. ಮೂರು ವಾರಕ್ಕೆ ಪ್ರಾಜೆಕ್ಟು ಒಪ್ಪಿಸಬೇಕು. ಅಂಗಡಿಯೊಂದರಲ್ಲಿ ತೋರಿಸಿದ್ದನಂತೆ. ಅಲ್ಲಿಯವನು ಕೈಗೆ ತೆಗೆದುಕೊಳ್ಳದೆ, ದೂರದಿಂದಲೇ ನೋಡಿ, "ಪಿನ್ ಹೋದ್ಮೇಲೆ ಅದು ಸತ್ತಂಗೇ. ಏಳೆಂಟು ಸಾವಿರ ಇಟ್ಕೊಂಡು ಬಾ" ಎಂದನಂತೆ. ನಾಡಿ ಹಿಡಿಯದೆ ಸಾವನ್ನು ಸಾರುವ ವೈದ್ಯರು ಎಲ್ಲ ಕಸುಬಿನಲ್ಲಿಯೂ ಇದ್ದಾರೆ.

ಮಾರನೆಯ ಭಾನುವಾರ ರಾಮನಗರಕ್ಕೆ ಹೋಗಿ ಆ ವಸ್ತುವನ್ನು ಮೊದಲ ಬಾರಿಗೆ ಕಣ್ಣಾರೆ ಕಂಡೆ. ವಾಚಕರಲ್ಲಿ ಬಹುಮಂದಿ ದಿನವೂ ಇದನ್ನು ಬಳಸುತ್ತಿದ್ದರೂ ನೋಡಿದವರು ಕೆಲವರೇ ಇರಬಹುದು. ನಾಲ್ಕು ಸೆಂಟಿಮೀಟರು ಚದರದ ಒಂದು ಬಿಲ್ಲೆ. ಒಂದು ಮಗ್ಗುಲಿಗೆ ಲೋಹದ ಮುಚ್ಚಳ. ಮಗುಚಿ ಹಿಡಿದರೆ ಚಿನ್ನದ ಲೇಪವಿರುವ ಕಡ್ಡಿಗಳ ಪೈರು, ನಾಟಿಯ ಗದ್ದೆಯಂತೆ ಸಾಲು ತಪ್ಪದೆ ನಿಂತಿದೆ. ಕಡ್ಡಿಗೂ ಕಡ್ಡಿಗೂ ನಡುವೆ ಒಂದು ಮಿಲಿಮೀಟರು. ಒಟ್ಟು ೧೩೩೧. ೧೯೭೧ರಲ್ಲಿ ಇಂಟೆಲ್ ಕಂಪನಿಯು ೪೦೦೪ ಎಂಬ ತನ್ನ ಮೊದಲ ಮೈಕ್ರೋಪ್ರೊಸೆಸರನ್ನು ಹೊರತಂದಾಗ ಅದಕ್ಕಿದ್ದ ಕಾಲು ಹದಿನಾರೇ. ೧೯೭೮ರ ೮೦೮೬ಕ್ಕೆ ನಲವತ್ತು. ಹದಿನಾರರಲ್ಲಿ ಒಂದು ಮುರಿದರೆ ಅದು ನಿಜಕ್ಕೂ ಅಂಗವೈಕಲ್ಯ. ಆದರೆ ೧೩೩೧ರಲ್ಲಿ?

ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಕನಕಪುರದಲ್ಲಿ. ಅಲ್ಲಿ ಮೊಬೈಲುಗಳ ಒಳಗಿನ ಬೆಸುಗೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಮಾಡುವ ಒಬ್ಬ ಯುವಕನಿದ್ದಾನೆಂದು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೇಳಿದ. ಮಾವ ಅಳಿಯ ಇಬ್ಬರೂ ಬಸ್ಸು ಹತ್ತಿದೆವು. ಪ್ರೊಸೆಸರನ್ನು ಹುಡುಗ ತನ್ನ ಜ್ಯಾಮಿತಿ ಪೆಟ್ಟಿಗೆಯಲ್ಲಿ ಹತ್ತಿಯ ನಡುವೆಯಲ್ಲ, ತವರದ ಹಾಳೆಯ ಮೇಲೆ ಇಟ್ಟುಕೊಂಡಿದ್ದ. ಒಣಹವೆಯಲ್ಲಿ ಹತ್ತಿ, ರೇಷ್ಮೆ, ನೈಲಾನುಗಳ ಉಜ್ಜಾಟದಿಂದ ಹುಟ್ಟುವ ವಿದ್ಯುತ್ತು ಕಿಡಿಯಾಗಿ ಕಾಣಿಸದಿದ್ದರೂ ಒಳಗಿನ ಸೂಕ್ಷ್ಮ ಅಂಗಗಳನ್ನು ಸುಟ್ಟೀತಂತೆ.

ಆ ಯುವಕ ಕೂಡಲೇ ತೀರ್ಪು ಕೊಡಲಿಲ್ಲ. ಕನ್ನಡಕದ ಮೇಲಿನಿಂದ ನಮ್ಮನ್ನು ನೋಡಿ, "ಮುರಿದಿರೋದು ಯಾವ ಪಿನ್ನು?" ಎಂದು ಕೇಳಿದ. ಮೂಲೆಯಲ್ಲಿರುವುದು ಎಂದೆ. "ಮೂಲೆ ಅಲ್ಲ ಸಾರ್, ಹೆಸರು. ಪ್ರತಿಯೊಂದಕ್ಕೂ ಹೆಸರಿದೆ."

ಹೆಸರಿದೆ! ನಾಮಪದಗಳನ್ನು ಪಾಠ ಮಾಡುವ ನನಗೆ ಆ ಕ್ಷಣದಲ್ಲಿ ಆ ಬಿಲ್ಲೆಯ ಮೇಲೆ ಗೌರವ ಹುಟ್ಟಿತು. ಅಡ್ಡಸಾಲುಗಳಿಗೆ ಅಕ್ಷರ, ಉದ್ದಸಾಲುಗಳಿಗೆ ಅಂಕಿ. ಒಂದು ಮೂಲೆಯಲ್ಲಿರುವ ಪುಟ್ಟ ಚಿನ್ನದ ತ್ರಿಕೋನದಿಂದ ಎಣಿಕೆ ಆರಂಭ. ಐ ಒಂದರಂತೆ, ಓ ಸೊನ್ನೆಯಂತೆ ಕಂಡು ಮೋಸವಾದೀತೆಂದು ಆ ವರ್ಣಮಾಲೆಯಿಂದ ಕೆಲವು ಅಕ್ಷರಗಳನ್ನೇ ಕೈಬಿಟ್ಟಿದ್ದಾರೆ. ನಮ್ಮ ವರ್ಣಮಾಲೆಯಿಂದ ದೀರ್ಘ ೠಕಾರವೂ ಌಕಾರವೂ ಮರೆಯಾದದ್ದು ಬಳಕೆಯಿಲ್ಲದೆ. ಇಲ್ಲಿ ಅಕ್ಷರ ಹೋದದ್ದು ಎಚ್ಚರಿಕೆಗಾಗಿ. ನಕ್ಷೆಯನ್ನು ಮೇಲಿನಿಂದ ನೋಡಿದಂತೆ ಬರೆದಿದ್ದರೆ, ಪಿನ್ನುಗಳನ್ನು ನಾವು ನೋಡುವುದು ಕೆಳಗಿನಿಂದ. ಕನ್ನಡಿಯೊಳಗಿನ ಊರಿನಂತೆ ಎಡ ಬಲವಾಗುತ್ತದೆ. ಯುವಕ ಎರಡು ಸಲ ಎಣಿಸಿದ. ಹುಡುಗನಿಂದ ಮೂರನೆಯ ಸಲ ಎಣಿಸಿದ.

ಅವನು ವಿವರಿಸಿದ್ದರ ಸಾರಾಂಶ ಹೀಗೆ. ಈ ಸಾವಿರದ ಚಿಲ್ಲರೆ ಕಡ್ಡಿಗಳೆಲ್ಲ ಬೇರೆ ಬೇರೆ ಕೆಲಸ ಮಾಡುವುದಿಲ್ಲ. ಬಹಳಷ್ಟು ಕಡ್ಡಿಗಳದು ವಿದ್ಯುತ್ತನ್ನು ಒಳಗೆ ತರುವ, ಹೊರಗೆ ಹರಿಸುವ ಕೂಲಿ ಕೆಲಸ. ಅರವತ್ತೈದು ವಾಟಿನ ಪ್ರೊಸೆಸರು ಸುಮಾರು ೧.೩ ವೋಲ್ಟಿನಲ್ಲಿ ಓಡುವಾಗ ಐವತ್ತು ಆಂಪಿಯರಿನಷ್ಟು ಪ್ರವಾಹ ಬೇಕು. ಮನೆಯಲ್ಲಿ ನೀರು ಕಾಯಿಸುವ ದೊಡ್ಡ ಪ್ಲಗ್ಗು ತಾಳುವುದು ಹದಿನಾರು ಆಂಪಿಯರು. ಅದರ ಮೂರರಷ್ಟನ್ನು ಕೂದಲಿನಂಥ ಒಂದು ಕಡ್ಡಿ ಹೊತ್ತೀತೇ? ಆದ್ದರಿಂದ ನೂರಾರು ಕಡ್ಡಿಗಳು ತೇರಿನ ಹಗ್ಗ ಹಿಡಿದ ಭಕ್ತರಂತೆ ಭಾರವನ್ನು ಹಂಚಿಕೊಂಡಿರುತ್ತವೆ. ಮಾಗಡಿಯ ರಂಗನಾಥನ ತೇರಿನಲ್ಲಿ ಒಬ್ಬ ಹಗ್ಗ ಬಿಟ್ಟರೆ ತೇರು ನಿಲ್ಲುವುದಿಲ್ಲ. ಇಂಥ ಗುಂಪಿನಲ್ಲಿ ಒಂದು ಮುರಿದರೂ ಹಾಗೆಯೇ. ಇನ್ನು ಕೆಲವನ್ನು ಮುಂದಿನ ಬಳಕೆಗೆಂದು ಖಾಲಿ ಬಿಟ್ಟಿರುತ್ತಾರೆ. ಉಳಿದವು ಮಾತ್ರ ಒಂಟಿ ಕೆಲಸಗಾರರು: ಒಂದೊಂದು ಒಂದೊಂದು ಸುದ್ದಿಯನ್ನು ಒಯ್ಯುವುದು. ಅಂಥದ್ದು ಹೋದರೆ ಆ ಸುದ್ದಿ ನಿಲ್ಲುತ್ತದೆ. ಆಗಲೂ ಯಾವ ಸುದ್ದಿ ನಿಂತಿತೆಂಬುದರ ಮೇಲೆ ಮುಂದಿನ ಮಾತು.

"ಭೂಮಿ ಪಿನ್ನಾಗಿದ್ರೆ ಮರೆತುಬಿಡಿ ಅಂತಿದ್ದೆ," ಎಂದ ಯುವಕ. ನಮ್ಮದು ಅಷ್ಟು ಪುಣ್ಯದ ಕಡ್ಡಿಯಲ್ಲ. ಪ್ರೊಸೆಸರಿನಿಂದ ಸ್ಮರಣೆಯ ಪಟ್ಟಿಗಳಿಗೆ, ಅಂದರೆ ರ‍್ಯಾಮಿಗೆ, ಎರಡು ದಾರಿಗಳಿವೆ. ಮುರಿದದ್ದು ಎರಡನೆಯ ದಾರಿಯ ಒಂದು ತಂತಿ. ಆ ದಾರಿಯಲ್ಲಿ ಪಟ್ಟಿಯನ್ನಿಟ್ಟು ಚಾಲೂ ಮಾಡಿದರೆ ಯಂತ್ರ ತಡವರಿಸಿ ನಿಲ್ಲುತ್ತದೆ. ಅಂಗಡಿಯವನು ಸತ್ತಿತೆಂದದ್ದು ಸಿದ್ಧಾಂತವಾದಂತೆಯೇ ಕಾಣುತ್ತದೆ. ಆದರೆ ಮೊದಲನೆಯ ದಾರಿ ಅಖಂಡವಾಗಿದೆ. ಹುಡುಗನ ಮದರ್‌ಬೋರ್ಡಿನಲ್ಲಿ ಅದೃಷ್ಟವಶಾತ್ ನಾಲ್ಕು ಸ್ಥಾನಗಳು, ಒಂದೊಂದು ದಾರಿಗೆ ಎರಡೆರಡು. ಎಂಟೆಂಟು ಜಿ.ಬಿ.ಯ ಎರಡು ಪಟ್ಟಿಗಳನ್ನೂ ಮೊದಲನೆಯ ದಾರಿಗೇ ಸೇರಿಸಿದರೆ ಹದಿನಾರೂ ಉಳಿಯುತ್ತದೆ. ವೇಗ ಮಾತ್ರ ಸ್ವಲ್ಪ ಕುಗ್ಗುತ್ತದೆ.

ಕಳೆದುಹೋದ ಕಡ್ಡಿಯ ಜಾಗದಲ್ಲಿ ಹೊಸದನ್ನು ಬೆಸೆಯಲಾಗದೇ ಎಂದು ಕೇಳಿದೆ. ಅವನು ನನ್ನನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದ. ಒಂದು ಮಿಲಿಮೀಟರು ಎಂಬುದು ಅಲ್ಲಿ ಒಂದು ಬೀದಿಯಾಗಿತ್ತು. ಮುರಿದ ಬುಡದಲ್ಲಿ ಸಣ್ಣದೊಂದು ಬೆಳ್ಳಗಿನ ಮಚ್ಚೆ. ಅದಕ್ಕೆ ಶಾಖ ಕೊಟ್ಟರೆ ಸುತ್ತಲಿನ ಕಡ್ಡಿಗಳ ಬೆಸುಗೆಯೂ ಕರಗೀತು, ಒಂದರ ಕಡೆಗೆ ಹೋಗಿ ನಾಲ್ಕನ್ನು ಕಳೆದುಕೊಂಡೇವು ಎಂದ. ಇನ್ನೊಂದು ಉಪಾಯವನ್ನು ಕೆಲವರು ಮಾಡುತ್ತಾರೆ: ಕೆಳಗಿನ ಸಾಕೆಟ್ಟಿನ ಆ ತೂತಿಗೆ ತಕ್ಕ ಅಳತೆಯ ತಾಮ್ರದ ಎಳೆಯೊಂದನ್ನು ಇಳಿಸಿ, ಅದರ ತುದಿ ಮಚ್ಚೆಗೆ ತಾಗುವಂತೆ ಮೇಲಿನಿಂದ ಪ್ರೊಸೆಸರನ್ನು ಕೂರಿಸುವುದು. ಎಳೆ ನೇರವಾಗಿದ್ದರೆ ಸರಿ. ಓರೆಯಾಗಿ ಪಕ್ಕದ ಮನೆಯ ತಂತಿಗೆ ತಾಗಿದರೆ ಮದರ್‌ಬೋರ್ಡಿಗೂ ತರ್ಪಣ. "ಮೊದಲು ಬಾಗಿರೋ ಆರನ್ನ ನೆಟ್ಟಗೆ ಮಾಡ್ಕೊಳ್ಳಿ. ನನ್ನ ಕೈಯಲ್ಲಿ ಇವತ್ತು ಹದಿನೈದು ಮೊಬೈಲಿದೆ, ಅವಸರದ ಕೈಗೆ ಇದನ್ನ ಕೊಡಬೇಡಿ" ಎಂದು ಹೇಳಿ, ನೋಡಿದ್ದಕ್ಕೆಂದು ಐವತ್ತು ರೂಪಾಯಿ ತೆಗೆದುಕೊಂಡ. ಸಲಹೆಗೆ ಹಣ ತೆಗೆದುಕೊಳ್ಳುವವರನ್ನು ನಾನು ನಂಬುತ್ತೇನೆ. ಪುಕ್ಕಟೆ ಸಲಹೆಗಾರರಿಗೆ ಮಾರಲು ಬೇರೆ ಏನೋ ಇರುತ್ತದೆ.

ಇಷ್ಟಾದ ಮೇಲೆ ಸಿದ್ಧತೆಗಳು ನಡೆದವು. ಮಾಗಡಿಯಲ್ಲಿರುವ ಗೆಳೆಯರೊಬ್ಬರ ಅಟ್ಟದ ಮೇಲೆ ಸತ್ತುಹೋದ ಹಳೆಯ ಪೆಂಟಿಯಂ ೪ ಯಂತ್ರವೊಂದಿತ್ತು. ಅದರ ಪ್ರೊಸೆಸರನ್ನು ಅಭ್ಯಾಸಕ್ಕೆಂದು ತರಿಸಿದೆ. ಅದಕ್ಕೆ ೪೭೮ ಕಡ್ಡಿ, ಸ್ವಲ್ಪ ವಿರಳವಾಗಿ. ಸಂಜೆ ನಾನು ಕಾಲೇಜಿನಿಂದ ಬಂದು ಅಕ್ಕನ ಮನೆಯಲ್ಲಿ ಇಳಿದಾಗಲೆಲ್ಲ ಹುಡುಗ ಅದರ ಕಡ್ಡಿಗಳನ್ನು ಬಾಗಿಸಿ ನೆಟ್ಟಗೆ ಮಾಡುತ್ತ ಕೂತಿರುತ್ತಿದ್ದ. ಇದಕ್ಕೆ ಒಳ್ಳೆಯ ಸಾಧನ ಅರ್ಧ ಮಿಲಿಮೀಟರಿನ ಸೀಸದ ಕಡ್ಡಿ ಹಾಕುವ ಯಾಂತ್ರಿಕ ಪೆನ್ಸಿಲು. ಸೀಸವನ್ನು ತೆಗೆದುಬಿಟ್ಟರೆ ಮೂತಿಯ ಟೊಳ್ಳು ಕೊಳವೆ ಬಾಗಿದ ಪಿನ್ನಿಗೆ ಟೋಪಿಯಂತೆ ಕೂರುತ್ತದೆ. ಬುಡದವರೆಗೆ ಇಳಿಸಿ ಮೆಲ್ಲಗೆ ಎಬ್ಬಿಸಬೇಕು. ಅತ್ತಿತ್ತ ಹಲವು ಸಲ ಬಾಗಿಸಿದರೆ ಲೋಹ ದಣಿದು ತುಂಡಾಗುತ್ತದೆ. ಒಂದೇ ಸಲ, ಒಂದೇ ದಿಕ್ಕಿಗೆ, ಬೇಕಾದಷ್ಟೇ.

ಮಗುಚಿದ ಪ್ರೊಸೆಸರು ಅಲುಗದಂತೆ ಒಂದು ಪೀಠ ಬೇಕಾಯಿತು. ಚನ್ನಪಟ್ಟಣದಲ್ಲಿ ನಮ್ಮ ಹಿಂದಿನ ಬೀದಿಯಲ್ಲಿ ಬೊಂಬೆ ಕಡೆಯುವವರೊಬ್ಬರು ಇದ್ದಾರೆ. ಅಳತೆ ಹೇಳಿದೆ. ಆಲೆ ಮರದ ತುಂಡೊಂದರಲ್ಲಿ ನಾಲ್ಕು ಸೆಂಟಿಮೀಟರು ಚದರದ ಹಳ್ಳವನ್ನು ಉಳಿಯಿಂದ ಎಷ್ಟು ನಿಖರವಾಗಿ ತೆಗೆದರೆಂದರೆ ಬಿಲ್ಲೆ ಅದರೊಳಗೆ ಉಸಿರುಬಿಟ್ಟಂತೆ ಕೂತಿತು. "ಕೆಂಪು ಅರಗು ಹಾಕ್ಕೊಡ್ಲಾ ಮೇಷ್ಟ್ರೇ, ಪುಗಸಟ್ಟೆ. ಹಿಂಗೆ ಬೋಳು ಕಳಿಸೋಕೆ ಮನಸ್ಸು ಬರಾಕಿಲ್ಲ" ಎಂದರು. ಅರಗು ಉಜ್ಜಿದರೆ ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುವ ವಸ್ತು ಎಂದು ಅಳಿಯ ಮೊದಲೇ ಎಚ್ಚರಿಸಿದ್ದ. ಬಣ್ಣವಿಲ್ಲದ ಪೀಠವನ್ನು ಅವರ ಕೈಯಿಂದ ತೆಗೆದುಕೊಳ್ಳುವಾಗ, ಮಗಳನ್ನು ಒಡವೆಯಿಲ್ಲದೆ ಕಳಿಸುವ ತಂದೆಯ ಮುಖ ಅವರದಾಗಿತ್ತು.

ಇಷ್ಟರಲ್ಲಿ ಭಾವನವರಿಗೆ ವಿಷಯ ತಿಳಿದಿತ್ತು. ಅಕ್ಕ ಅವರಿಂದ ಏನನ್ನೂ ಮುಚ್ಚಿಡುವವಳಲ್ಲ. ಅವರು ಬೈಯಲಿಲ್ಲ, ಎರಡು ದಿನ ಮಗನೊಡನೆ ಮಾತನ್ನೇ ಆಡಲಿಲ್ಲ. ಬೈಗುಳವಾಗಿದ್ದರೆ ಹುಡುಗ ತಡೆದುಕೊಳ್ಳುತ್ತಿದ್ದನೇನೋ. ಪ್ರಾಜೆಕ್ಟು ಒಪ್ಪಿಸುವುದಿಲ್ಲ, ಬಟ್ಟಲ ಮುಂದೆ ಕೂರುತ್ತೇನೆ ಎಂದು ಅವನೇ ಅಕ್ಕನ ಹತ್ತಿರ ಹೇಳಿದ್ದನಂತೆ. ಇಪ್ಪತ್ತು ವರ್ಷದ ಹುಡುಗ ಹೀಗೆ ಸಣ್ಣ ದನಿಯಲ್ಲಿ ಹೇಳುವುದನ್ನು ಹಗುರವಾಗಿ ಎಣಿಸಬಾರದು. ಅಕ್ಕ ಹಾಗೆ ಎಣಿಸಲಿಲ್ಲ. ಅದನ್ನೂ ಗಂಡನಿಗೆ ಹೇಳಿದಳು.

ಯುಗಾದಿ ಕಳೆದ ಮೊದಲ ಭಾನುವಾರ, ಬೆಳಗಿನ ಎಂಟು ಗಂಟೆ. ಪೂರ್ವದ ಜಗಲಿಗೆ ಎಳೆಬಿಸಿಲು ಬಂದಿತ್ತು. ಪೀಠದಲ್ಲಿ ಪ್ರೊಸೆಸರು, ಹುಡುಗನ ಕೈಯಲ್ಲಿ ಪೆನ್ಸಿಲು. ಸತ್ತ ಬಿಲ್ಲೆಯ ಮೇಲೆ ಪಳಗಿದ್ದ ಕೈ ಬದುಕಿದ ಬಿಲ್ಲೆಯ ಮೇಲೆ ನಡುಗಿತು. ಎರಡು ಸಲ ಹತ್ತಿರ ಒಯ್ದು ಎರಡು ಸಲವೂ ಹಿಂದಕ್ಕೆ ತೆಗೆದ. ಬಟ್ಟಲು ಮನೆಯಿಂದ ಬಂದ ಭಾವ ಬಾಗಿಲಲ್ಲಿ ನಿಂತು ನೋಡುತ್ತಿದ್ದವರು, "ಸರೀ" ಎಂದರು. ಅಂಗಿಯನ್ನು ಕಳಚಿ, ನಲ್ಲಿಯ ಕಬ್ಬಿಣವನ್ನು ಮುಟ್ಟಿ ಬಂದು ಕುಳಿತರು. ಮುಟ್ಟಬೇಕೆಂದು ಅವರಿಗೆ ಹೇಳಿದವರು ಯಾರೋ ನಾನರಿಯೆ. ಎರಡು ದಿನ ಮಾತು ಬಿಟ್ಟಿದ್ದರೂ ಕಿವಿ ಬಿಟ್ಟಿರಲಿಲ್ಲವೆಂದು ಕಾಣುತ್ತದೆ.

ಗೂಡಿನಿಂದ ನೂಲು ಬಿಚ್ಚುವುದನ್ನು ನೋಡದವರಿಗೆ ಆ ಕೈಗಳ ವಿಷಯ ಹೇಳಬೇಕು. ಒಂದು ಗೂಡಿನಲ್ಲಿ ನೂರಾರು ಮೀಟರು ಉದ್ದದ ಒಂದೇ ಎಳೆ, ಕೂದಲಿಗಿಂತ ತೆಳು. ಕುದಿನೀರಿನಲ್ಲಿ ಅದರ ಅಂಟು ಮೆದುವಾದಾಗ ತುದಿಯನ್ನು ಹುಡುಕಿ, ಹಲವು ಗೂಡುಗಳ ಎಳೆಗಳನ್ನು ಕೂಡಿಸಿ ಒಂದು ನೂಲು ಮಾಡಬೇಕು. ಒಂದು ಗೂಡು ಮುಗಿದ ಕೂಡಲೇ ಇನ್ನೊಂದರ ತುದಿಯನ್ನು ಓಡುವ ನೂಲಿಗೇ ಎಸೆದು ಸೇರಿಸಬೇಕು, ರಾಟೆ ನಿಲ್ಲುವಂತಿಲ್ಲ. ಮೂವತ್ತು ವರ್ಷ ಇದನ್ನು ಮಾಡಿದ ಬೆರಳುಗಳು ಬಿಸಿನೀರಿನಲ್ಲಿ ಬೆಂದು ಬಿಳಿಚಿ ತುದಿ ಒಡೆದಿರುತ್ತವೆ. ಚೆಲುವಾದ ಕೈಗಳಲ್ಲ. ಆದರೆ ಪೆನ್ಸಿಲಿನ ಮೂತಿ ಮೊದಲನೆಯ ಪಿನ್ನಿನ ಮೇಲೆ ಇಳಿದಾಗ ನನಗೆ ಕಂಡದ್ದು ಆ ಕೈಯ ನಿಶ್ಚಲತೆ. ಎತ್ತಿದ್ದು ಕಾಣಲೇ ಇಲ್ಲ; ಕಡ್ಡಿ ಮಾತ್ರ ಎದ್ದು ನಿಂತಿತ್ತು. ಸಾಲು ನೇರವಾಯಿತೇ ಎಂದು ನೋಡಲು ಒಂದು ನೂಲೆಳೆಯನ್ನು ತರಿಸಿ, ಬಿಲ್ಲೆಗೆ ತಾಗದಂತೆ ಮೇಲೆ ಬಿಗಿದು ಹಿಡಿಯೆಂದು ಮಗನಿಗೆ ಹೇಳಿ, ಗಾರೆಯವನು ಗೋಡೆಗೆ ದಾರ ಹಿಡಿದು ನೋಡುವಂತೆ ಒಂದು ಕಣ್ಣು ಮುಚ್ಚಿ ನೋಡಿದರು. ರೇಷ್ಮೆ ಬೇಡವೆಂದು ಹುಡುಗ ತಡೆದ. "ಹಂಗಾರೆ ನೂಲು ಒದ್ದೆ ಮಾಡಿ ಹಿಂಡ್ಕೊಂಡು ಬಾ" ಎಂದರು. ಅದು ಅವರಾಡಿದ ಎರಡನೆಯ ಮಾತು. ಮೂರನೆಯ ಪಿನ್ನಿನ ಹೊತ್ತಿಗೆ ತಂದೆಮಕ್ಕಳು ಸಾಲಿನ ಅಕ್ಷರಗಳ ಬಗ್ಗೆ ವಾದಿಸುತ್ತಿದ್ದರು.

ಆರು ಕಡ್ಡಿಗೆ ಒಂದು ಗಂಟೆಗೂ ಮಿಕ್ಕಿತು. ಸನ್ನೆಯನ್ನು ಎತ್ತಿ ಬಿಲ್ಲೆಯನ್ನು ಸಾಕೆಟ್ಟಿನ ಮೇಲೆ ಇಟ್ಟಾಗ ಅದು ತನ್ನ ತೂಕದಿಂದ ತಾನೇ ಇಳಿಯಬೇಕು, ಒತ್ತಬಾರದು. ಎರಡು ಸಲ ಒಂದು ಮೂಲೆಯಲ್ಲಿ ಎದ್ದು ನಿಂತಿತು. ಹೊರತೆಗೆದು ಅದೇ ಮೂಲೆಯ ಒಂದು ಕಡ್ಡಿಯನ್ನು ಕೂದಲೆಳೆಯಷ್ಟು ಸರಿಸಿದರು. ಮೂರನೆಯ ಸಲ ಇಳಿಯಿತು. ಹೊಸ ಲೇಪ ಹಚ್ಚಿ, ಗಟ್ಟಿ ಕೂರಿಸಿ, ರ‍್ಯಾಮಿನ ಎರಡೂ ಪಟ್ಟಿಗಳನ್ನು ಮೊದಲನೆಯ ದಾರಿಗೆ ಹಾಕಿ ಗುಂಡಿಯೊತ್ತಿದಾಗ ಫ್ಯಾನು ತಿರುಗಿತು. ಪರದೆ ಕಪ್ಪಾಗಿಯೇ ಇತ್ತು. ಅಕ್ಕ ದೇವರ ಮನೆಯ ಕಡೆ ನೋಡಿದಳು. ಸ್ಮರಣೆಯ ಹೊಸ ವ್ಯವಸ್ಥೆಯನ್ನು ಅರಿತುಕೊಳ್ಳಲು ಯಂತ್ರಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತದಂತೆ. ಆ ಹೊತ್ತು ಎಷ್ಟೆಂದು ನಾನು ಗಡಿಯಾರ ನೋಡಲಿಲ್ಲ. ಬೆಳಕು ಬಂತು. ಮೂಲೆಯಲ್ಲಿ ಹದಿನಾರು ಎಂಬ ಅಂಕಿಯೂ ಇತ್ತು.

ಈ ಪಿನ್ನುಗಳ ತಾಪತ್ರಯವೇ ಬೇಡವೆಂದು ಇಂಟೆಲ್ ಕಂಪನಿ ೨೦೦೪ರಲ್ಲಿಯೇ ಮನೆಬಳಕೆಯ ಪ್ರೊಸೆಸರಿನಿಂದ ಅವನ್ನು ತೆಗೆದು ಮದರ್‌ಬೋರ್ಡಿನ ಸಾಕೆಟ್ಟಿಗೆ ನೆಟ್ಟಿತು, ಎ.ಎಂ.ಡಿ. ೨೦೨೨ರಲ್ಲಿ ಎ.ಎಂ.೫ ಜಾತಿಯೊಂದಿಗೆ ಅದೇ ದಾರಿ ಹಿಡಿಯಿತು. ಅಲ್ಲಿ ೧೭೧೮ ಸ್ಪರ್ಶಗಳು. ಪ್ರೊಸೆಸರಿನ ಬೆನ್ನು ಈಗ ನುಣ್ಣಗಿದೆ. ಬಾಗುವ ಹಣೆಬರಹ ಕೆಳಗಿನ ಬೋರ್ಡಿಗೆ ಹೋಗಿದೆ, ಅಲ್ಲಿನ ಕಡ್ಡಿಗಳು ಇನ್ನೂ ನವಿರು. ನಮ್ಮ ಇಲಾಖೆಯ ಭಾಷೆಯಲ್ಲಿ ಹೇಳುವುದಾದರೆ ಇದು ಪರಿಹಾರವಲ್ಲ, ವರ್ಗಾವಣೆ.

ಪ್ರಾಜೆಕ್ಟು ಗಡುವಿನೊಳಗೆ ಒಪ್ಪಿತವಾಯಿತು. ಈಗ ಆ ಮನೆಯಲ್ಲಿ ಬೇರೊಂದು ವ್ಯಾಜ್ಯ ನಡೆದಿದೆ. ತಾಮ್ರದ ಎಳೆಯನ್ನು ತೂತಿಗಿಳಿಸಿ ಎರಡನೆಯ ದಾರಿಯನ್ನೂ ತೆರೆದುಬಿಡೋಣವೆಂದು ಹಟ ಹಿಡಿದಿರುವವರು ಮಗನಲ್ಲ, ಭಾವ. ಕಡಿದ ಎಳೆಯನ್ನು ಕಂಡೂ ಕೂಡಿಸದೆ ಬಿಡುವುದು ಅವರ ಜಾಯಮಾನಕ್ಕೆ ಒಗ್ಗದು. ಓಡುತ್ತಿರುವುದನ್ನು ಮುಟ್ಟಬೇಡಿ ಎಂದು ಹುಡುಗ. ಅಳತೆಗೆ ಕತ್ತರಿಸಿದ ಎಳೆ, ಮುರಿದ ಚಿನ್ನದ ಕಡ್ಡಿಯ ಜೊತೆಯಲ್ಲಿ, ಅಕ್ಕನ ಕುಂಕುಮದ ಭರಣಿಯ ಪಕ್ಕದ ಡಬ್ಬಿಯಲ್ಲಿ ಕಾದಿದೆ. ಮುಂದಿನ ಭಾನುವಾರ ಬಂದು ನ್ಯಾಯ ಹೇಳಬೇಕೆಂದು ಎರಡೂ ಪಕ್ಷಗಳಿಂದ ನನಗೆ ಕರೆ ಬಂದಿದೆ. ಮೌಲ್ಯಮಾಪನಕ್ಕೆ ಇನ್ನೂರು ಉತ್ತರಪತ್ರಿಕೆಗಳಿವೆಯೆಂದು ಹೇಳಿಕಳಿಸಿದ್ದೇನೆ.